ಕೋಳಿಗೂಡಿನ ಹಸಿರು ಫಲಕ

“ನೋಡಮ್ಮಾ, ನಮ್ಮ ಕಣಿವೆಗೆ ಅಂಚೆಯವನು ಬರೋದೇ ಇಲ್ಲ. ಕಾಗದ ಎಲ್ಲಾ ಪೇಟೆ ಅಂಚೆ ಕಚೇರೀಲಿರೋ ನಮ್ಮ ಡಬ್ಬಿಗೇ ಬೀಳೋದು. ಯಾರು ವಿಳಾಸ ಕೇಳಿದ್ರೂ ಆ ಡಬ್ಬಿ ನಂಬರೇ ಕೊಡ್ತೀವಿ. ನಮ್ಮಪ್ಪ ಹಂಗೇ ಬರೀತಿದ್ದ, ನಾನೂ ಅರ್ಜೀಲಿ ಹಂಗೇ ಬರ್ದೆ. ಅಷ್ಟಕ್ಕೇ ನಮ್ಮ ಆಸ್ಪತ್ರೆ ಪೇಟೇಲಿದೆ, ಹಳ್ಳಿ ಆಸ್ಪತ್ರೆ ನೆರವು ಸಿಗಲ್ಲ ಅಂದ್ರೆ ಹೆಂಗೆ? ನಮ್ಮ ಬಾಗಿಲಲ್ಲಿ ನಿಂತ್ರೆ ಕಾಣೋದು ಒಂದು ಗುಡ್ಡ, ಒಂದು ಹಳ್ಳ, ನನ್ನ ಗಂಡನ ಕೋಳಿಗಳು. ಇದ್ಯಾವ ಪೇಟೆ ತಾಯಿ?”

ಫೋನಿನಲ್ಲಿ ಒಂದೇ ಉಸಿರಿಗೆ ಹೀಗೆ ಹೇಳಿ ಮುಗಿಸಿದವಳು ಓಪಲ್ ಸ್ಟಿಡಮ್. ಅಮೆರಿಕದ ಕೆಂಟಕಿಯ ಗುಡ್ಡಗಳ ನಡುವೆ ಊರವರೇ ಲಾಭದಾಸೆಯಿಲ್ಲದೆ ನಡೆಸುವ ಚಿಕ್ಕ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಚೀಟಿ ಬರೆಯುತ್ತಿದ್ದಾಳೆ. ದೊಡ್ಡ ಡಾಕ್ಟರು ಅಲ್ಲಿಗೆ ಬರುವುದು ಪರದೆಯ ಮೇಲೆ. ಗಣಿಯ ಕಲ್ಲಿದ್ದಲ ಧೂಳು ಕುಡಿದ ಅವಳ ಗಂಡ ಹೋಬರ್ಟನ ಶ್ವಾಸಕೋಶವನ್ನೂ ಪ್ರತಿ ಗುರುವಾರ ಹಾಗೆಯೇ ನೋಡುತ್ತಾರೆ. ಆ ಇಂಟರ್ನೆಟ್ ಸಂಪರ್ಕದ ಖರ್ಚನ್ನು ಹೆಚ್ಚುಪಾಲು ಕೇಂದ್ರ ಸರ್ಕಾರ ಹೊರುತ್ತದೆ. ನೆರವು ನಿಂತರೆ ಪರದೆಯೂ ಕತ್ತಲೆ. ಮೂರು ಗಂಟೆ ಕಾರಿನಲ್ಲಿ ಕೂತು ನಗರಕ್ಕೆ ಹೋಗುವಷ್ಟು ಉಸಿರು ಹೋಬರ್ಟನಲ್ಲಿ ಉಳಿದಿಲ್ಲ.

ಅತ್ತ ವಾಷಿಂಗ್ಟನ್ನಿನ ನೆರವಿನ ಕಚೇರಿಯ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಳು. “ನಿಮ್ಮ ಮಾತು ನಂಬ್ತೀನಿ ಅಮ್ಮ. ಆದ್ರೆ ಕಟ್ಟಡ ನಿಂತಿರೋ ಜಾಗದ ನಂಬರು ಬೇಕು. ಆಂಬುಲೆನ್ಸಿಗೆ ದಾರಿ ಗೊತ್ತಾಗ್ಲಿ ಅಂತ ಆ ನಂಬರಿರೋ ಹಸಿರು ಫಲಕ ಕೊಟ್ಟಿರ್ತಾರಲ್ಲ, ಅದು ಕಾಣೋ ಹಾಗೆ ಫೋಟೊ ಕಳಿಸಿ. ಶುಕ್ರವಾರ ಕಡೇ ದಿನ.”

ಆಸ್ಪತ್ರೆಯ ಗೋಡೆಯಲ್ಲಿ ಮೊಳೆಯ ತೂತು ಮಾತ್ರ ಇತ್ತು.

“ಬಣ್ಣ ಹೊಡೆಯೋವಾಗ ಫಲಕ ಕಿತ್ತೋನು ನೀನೇ. ಎಲ್ಲಿಟ್ಟೆ?” ಮನೆಗೆ ಬಂದವಳೇ ಓಪಲ್ ಕೇಳಿದಳು.

ಹೋಬರ್ಟ್ ಒಲೆಯ ಮೇಲಿನ ಹುರುಳಿಕಾಯಿ ಕೈಯಾಡಿಸುತ್ತಿದ್ದ. “ಯಾರಿಗೆ ಬೇಕಿತ್ತೇ ಅದು? ಸುಟ್ಟ ಚರ್ಚು ದಾಟಿ ಮೂರನೇ ಸೇತುವೆ ಅಂದ್ರೆ ಮಗೂಗೂ ಗೊತ್ತು.”

“ವಾಷಿಂಗ್ಟನ್ನಿನೋರು ಸುಟ್ಟ ಚರ್ಚು ಕಂಡಿಲ್ಲ ಕಣಯ್ಯ!”

ಅವನು ಸೌಟಿನಿಂದ ಹಿತ್ತಿಲ ಕಡೆ ತೋರಿಸಿದ. “ಗೂಡಿಗೆ ನರಿ ನುಗ್ತಿತ್ತು. ತಗಡು ಗಟ್ಟಿಯಾಗಿತ್ತು.”

“ಕೋಳಿ ಮೇಲಿರೋ ಅಕ್ಕರೆ ನಿನ್ನ ಎದೆ ಮೇಲಿಲ್ವಲ್ಲ!”

“ಕೋಳಿ ಮೊಟ್ಟೆ ಇಡುತ್ತೆ. ನನ್ನೆದೆ ಏನಿಡುತ್ತೆ, ಕೆಮ್ಮು!”

ನಗು ಬಂದರೂ ಓಪಲ್ ನಗಲಿಲ್ಲ. ಫಲಕ ಕಿತ್ತು, ಹಿಕ್ಕೆ ತೊಳೆದು, ಬೆಳಿಗ್ಗೆ ಆಸ್ಪತ್ರೆಯ ಬಾಗಿಲ ಪಕ್ಕ ಮತ್ತೆ ಹೊಡೆಸಿ ಫೋಟೊ ಕಳಿಸಿದಳು.

ಎರಡು ವಾರಕ್ಕೆ ಉತ್ತರ ಬಂತು, ಅದೇ ಪೇಟೆಯ ಡಬ್ಬಿಗೆ. ಜಾಗ ಹಳ್ಳಿಯದೇ, ಆಸ್ಪತ್ರೆ ನೆರವಿಗೆ ಅರ್ಹ ಎಂದಿತ್ತು. ಓಪಲ್ ಕಾರಿನಲ್ಲೇ ಕೂತು ಎರಡು ಸಲ ಓದಿಕೊಂಡಳು.

ಆ ಗುರುವಾರ ಹೋಬರ್ಟ್ ಪರದೆಯೆದುರು ಕೂತು, ಉಸಿರು ಅಳೆಯುವ ಕೊಳವೆಗೆ ಊದುತ್ತ, ನಡುನಡುವೆ ಡಾಕ್ಟರ ಹೊಸ ಗಡ್ಡವನ್ನು ಹಂಗಿಸುತ್ತಿದ್ದ. ಅವನು ಮನೆಗೆ ಬರುವಷ್ಟರಲ್ಲಿ ಓಪಲ್ ಹಳೆಯ ಡಬ್ಬದ ಮುಚ್ಚಳವೊಂದನ್ನು ಫಲಕ ಕಿತ್ತಿದ್ದ ಗೂಡಿನ ಕಂಡಿಗೆ ಹೊಡೆದು, ಲಂಗದ ಮಡಿಲಲ್ಲಿ ಮೊಟ್ಟೆ ಆಯ್ದುಕೊಳ್ಳುತ್ತಿದ್ದಳು.