ಚಿಗವ್ವ ನೋಡಿದ ಸಮುದ್ರ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಮೈಮೇಲೆ ಬರುವುದು, ಕನಸಿನಲ್ಲಿ ಕಂಡದ್ದು ಮರುದಿನ ನಿಜವಾಗುವುದು, ಇಂಥ ಯಾವ ಬೊಗಳೆಯನ್ನೂ ನಾನು ನಂಬಿದವನಲ್ಲ. ಅಣ್ಣಿಗೇರಿಯಲ್ಲಿ ಕಡಲೆ, ಹೆಸರು, ಮೆಣಸಿನಕಾಯಿ ವ್ಯಾಪಾರ ಮಾಡುವವನು ನಾನು. ಚೀಲದೊಳಗೆ ಕೈ ಹಾಕಿ ನೋಡದೆ ಯಾರ ಮಾತನ್ನೂ ಒಪ್ಪುವುದಿಲ್ಲ. ಇಂಥ ಕಥೆ ಹೇಳಲು ಬಂದವರನ್ನು ಅಂಗಡಿಯ ಕಟ್ಟೆಯಿಂದ ಎಬ್ಬಿಸಿ ಕಳಿಸಿದ್ದೂ ಉಂಟು. ಈಗ ನಾನೇ ಒಂದು ಹೇಳಹೊರಟಿದ್ದೇನೆ. ನಗುವುದಿದ್ದರೆ ನಗಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಗಂಗವ್ವ ನನ್ನ ಚಿಗವ್ವ, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ. ನಾನು ಸಣ್ಣವನಿದ್ದಾಗ ನನ್ನ ತಾಯಿ ತೀರಿಕೊಂಡಳು. ಆಮೇಲೆ ನನ್ನನ್ನು ಸಾಕಿದವಳು ಇವಳೇ. ಕೆಲವು ವರ್ಷಗಳ ಹಿಂದೆ ಅವಳ ಕಣ್ಣು ಮಂಜಾಗತೊಡಗಿದವು. ಕಣ್ಣಿನ ನರ ಒಣಗುತ್ತಿದೆ, ಮುಂಬೈಯಲ್ಲಿ ಒಮ್ಮೆ ತೋರಿಸಿಕೊಂಡು ಬನ್ನಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಚಿಗವ್ವ ಡಾಕ್ಟರರ ಮಾತು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ, ಹೊರಗೆ ಬಂದವಳೇ ನನ್ನ ಕೈ ಹಿಡಿದಳು. "ತಮ್ಮಾ, ಅಲ್ಲಿ ಸಮುದ್ರ ಐತಂತಲ್ಲ. ಕಣ್ಣ ಇರೂದರೊಳಗ ಒಮ್ಮಿ ತೋರಿಸಿಬಿಡು. ನಾ ಮತ್ತೇನೂ ಕೇಳಂಗಿಲ್ಲ." ಜೀವಮಾನವೆಲ್ಲ ಎರೆ ಹೊಲದಲ್ಲಿ ಕಳೆ ಕಿತ್ತವಳು. ದೊಡ್ಡ ನೀರು ಎಂದರೆ ಅವಳ ಪಾಲಿಗೆ ಊರ ಕೆರೆ, ಅಷ್ಟೇ.

ನಾವು ಮುಂಬೈಗೆ ಹೊರಟ ಸುದ್ದಿ ಹಬ್ಬಿದ್ದೇ ತಡ, ಅಂಗಡಿಯ ಕಟ್ಟೆ ಪಂಡಿತರಿಂದ ತುಂಬಿಹೋಯಿತು. ಯಾವುದೋ ಕಾಲದಲ್ಲಿ ಮೆಣಸಿನಕಾಯಿ ಲಾರಿಯ ಸಂಗಡ ಹೋಗಿ, ಲಾರಿಯಲ್ಲೇ ಮಲಗಿ ವಾಪಸು ಬಂದ ಮಲ್ಲಪ್ಪ ಆ ಊರನ್ನು ತಾನೇ ಕಟ್ಟಿಸಿದವನ ಹಾಗೆ ಮಾತಾಡಿದ. "ವಡಾಪಾವ್ ತಿನ್ನಲಿಲ್ಲಂದ್ರ ಹೋಗಿದ್ದು ದಂಡ ನೋಡ್ರಿ ಸಾಹುಕಾರ್ರ!" ಬ್ರೆಡ್ಡಿನೊಳಗೆ ಬಟಾಟಿ ಬೋಂಡಾ ತುರುಕಿದ್ದಕ್ಕೆ ಎಂಥ ಭಕ್ತಿ! ನಿವೃತ್ತ ಮಾಸ್ತರರೊಬ್ಬರು ದೊಡ್ಡ ಕಮಾನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲೇಬೇಕೆಂದು ತಾಕೀತು ಮಾಡಿದರು. ನನ್ನ ಅಳಿಯನಂತೂ ಫೋನಿಗೆ ವಿಡಿಯೋ ಕಳಿಸಿದ್ದೇ ಕಳಿಸಿದ್ದು. ಎಲ್ಲದರಲ್ಲೂ ಒಬ್ಬ ಹುಡುಗ ಬಾಯಿ ತುಂಬ ತುರುಕಿಕೊಂಡು, ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾನೆ. ಉಂಡರೆ ತಲೆ ಯಾಕೆ ಅಲ್ಲಾಡಬೇಕೋ ದೇವರೇ ಬಲ್ಲ. ಇವರೆಲ್ಲ ಸಮುದ್ರ ನೋಡಿದವರಂತೆ! ಆದರೆ ಹೇಳಬೇಕಾದ ಒಂದೇ ಒಂದು ಮಾತನ್ನು ಒಬ್ಬನೂ ಹೇಳಲಿಲ್ಲ.

ದವಾಖಾನೆಗೆ ಹೋಗುವ ದಿನವನ್ನು ಚಿಗವ್ವನೇ ಆರಿಸಿದಳು. ಒಳ್ಳೆಯ ಕೆಲಸಕ್ಕೆ ಅಮಾಸಿಯೇ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಅಮಾಸಿಯ ಬೆಳಿಗ್ಗೆ ಮುಂಬೈಯ ಡಾಕ್ಟರರು ನೋಡಿದರು. ಇನ್ನು ಕೆಲವು ತಿಂಗಳು ಹೀಗೇ ಮಬ್ಬಾಗಿ ಕಾಣಬಹುದು, ಆಮೇಲೆ ಪೂರ್ತಿ ಹೋಗುತ್ತದೆ, ಮಾಡುವುದೇನೂ ಇಲ್ಲ ಎಂದರು. ಇನ್ನೊಮ್ಮೆ ನೋಡಿರೆಂದು ನಾನು ಅವರನ್ನು ಬೇಡಿಕೊಂಡೆ. ಚಿಗವ್ವ ಮಾತ್ರ ಲಾಡ್ಜಿಗೆ ಬಂದು, ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಬುತ್ತಿಯ ಗಂಟು ಬಿಚ್ಚಿದಳು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಅಳಿಯನ ವಿಡಿಯೋದ ಹುಡುಗರು ಒಮ್ಮೆ ಇದನ್ನು ತಿಂದಿದ್ದರೆ ತಲೆ ಅಲ್ಲಾಡಿಸುವುದಕ್ಕೂ ಒಂದು ಅರ್ಥವಿರುತ್ತಿತ್ತು.

ಸಂಜೆ ರಿಕ್ಷಾ ಹಿಡಿದು ದಂಡೆಗೆ ಹೋದೆವು. ಕಲ್ಲಿನ ಮೆಟ್ಟಿಲಿನ ಮೇಲೆ ನಿಂತು ನೋಡುತ್ತೇನೆ, ಸಮುದ್ರವೇ ಇಲ್ಲ! ಕಣ್ಣು ಹರಿಯುವಷ್ಟು ದೂರ ಕರಿ ಕೆಸರು, ನಡುನಡುವೆ ಬಂಡೆ, ಪ್ಲಾಸ್ಟಿಕ್ಕು. ಆಕಾಶದ ಅಂಚಿನಲ್ಲಿ ಒಂದು ಬಿಳಿ ಗೆರೆಯಿತ್ತು, ಅದು ನೀರೋ ಹೊಗೆಯೋ ತಿಳಿಯಲಿಲ್ಲ. ಮಳೆ ಬಿದ್ದ ಮರುದಿನ ನಮ್ಮ ಎರೆ ಹೊಲ ಹೇಗಿರುತ್ತದೋ ಹಾಗೆಯೇ ಇತ್ತು. ಕೆಸರು ನೋಡುವುದಕ್ಕೆ ರಾತ್ರಿಯಿಡೀ ರೈಲಿನಲ್ಲಿ ಬರಬೇಕಿತ್ತೇ? ಮಲ್ಲಪ್ಪ, ಮಾಸ್ತರರು, ಅಳಿಯ, ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಬೈದೆ.

ಚಿಗವ್ವ ಮೆಟ್ಟಿಲ ಮೇಲೆ ಕುಳಿತು ಹಣೆಗೆ ಕೈ ಅಡ್ಡ ಹಿಡಿದಳು. "ಯಪ್ಪಾ, ಎಷ್ಟ ನೀರೋ ತಮ್ಮಾ!"

ಮಬ್ಬುಗಣ್ಣಿಗೆ ಕೆಸರೇ ನೀರಾಗಿ ಕಂಡಿರಬೇಕು ಎಂದುಕೊಂಡೆ. ನಾನೂ ಅವಳ ಬಾಜು ಕುಳಿತೆ. ಅವಳು ಸೀರೆಯ ನಿರಿಗೆ ಎತ್ತಿಕೊಂಡು ಕಾಲು ಹಿಂದೆಳೆದಳು. "ಕೆಳಗಿನ ಮೆಟ್ಟಲಾ ಮುಳುಗ್ಯಾವು, ಕಾಲ ಮ್ಯಾಲ ತಗೋ. ಅಲ್ನೋಡು, ನೀಲಿ ದೋಣ್ಯಾಗ ಬಿಳೇ ಆಡು ನಿಂತೈತಿ. ಕೊಳ್ಳಾಗ ಕೆಂಪ ಅರಬಿ ಕಟ್ಯಾರ." ನನಗೆ ನಗು ತಡೆಯಲಾಗಲಿಲ್ಲ. "ಸಮುದ್ರದಾಗ ಆಡು ಯಾರ ಮೇಸ್ತಾರ ಚಿಗವ್ವಾ?" ಅವಳು ನನ್ನ ಕಡೆ ತಿರುಗಲೇ ಇಲ್ಲ. ಕತ್ತಲಾಗುವವರೆಗೆ ಅಲ್ಲೇ ಕುಳಿತು ನೋಡಿದಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಆಮೇಲೆ, "ಸಾಕ ತಮ್ಮಾ, ಹೊಟ್ಟಿ ತುಂಬ್ತು. ಹೋಗೂಣು" ಎಂದಳು.

ಸಮುದ್ರ ಎಲ್ಲಿ ಹೋಯಿತೆಂದು ಲಾಡ್ಜಿನ ಮ್ಯಾನೇಜರನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸಮುದ್ರ ದಿನಾಲೂ ಬರುತ್ತದೆ, ಹೋಗುತ್ತದೆ. ಅಮಾವಾಸ್ಯೆಯ ಸಂಜೆ ಬಹಳ ದೂರ ಹೋಗುತ್ತದೆ, ನೀವು ನಾಳೆ ಮಧ್ಯಾಹ್ನ ಹೋಗಿ ನೋಡಿ, ನೀರು ಮೆಟ್ಟಿಲವರೆಗೆ ಬಂದಿರುತ್ತದೆ ಎಂದ. ಇಷ್ಟೇ ಮಾತು! ಎಲ್ಲಿ ಏನು ತಿನ್ನಬೇಕೆಂದು ಹೇಳಿದ ಆ ಪಂಡಿತರಲ್ಲಿ ಒಬ್ಬನಿಗೂ ಸಮುದ್ರ ಎದ್ದು ಹೋಗುತ್ತದೆ ಎಂದು ಹೇಳುವಷ್ಟು ಬುದ್ಧಿ ಇರಲಿಲ್ಲ.

ಮರುದಿನ ಚಿಗವ್ವ ಗೋಡೆ ಹಿಡಿದುಕೊಂಡು ಓಡಾಡಿದಳು. ಹೊಸ ಜಾಗ, ಅದಕ್ಕೇ ಇರಬೇಕು ಎಂದುಕೊಂಡೆ. "ನೋಡೀನಲ್ಲೋ, ಮತ್ಯಾಕ?" ಎಂದರೂ ಬಿಡದೆ ಮಧ್ಯಾಹ್ನ ಕರೆದುಕೊಂಡು ಹೋದೆ. ಊರಿಗೆ ಹೋಗುವ ಮೊದಲು ಅವಳಿಗೆ ನಿಜವಾದ ಸಮುದ್ರ ತೋರಿಸಬೇಕಿತ್ತು.

ರಿಕ್ಷಾದಿಂದ ಇಳಿಯುವಾಗಲೇ ಅಲೆಗಳ ಸದ್ದು ಎದೆಗೆ ಬಡಿಯಿತು. ಕೆಸರಿನ ಗುರುತೂ ಇರಲಿಲ್ಲ. ನಿನ್ನೆ ನಾವು ಕುಳಿತ ಮೆಟ್ಟಿಲಿನ ಕೆಳಗಿನವೆಲ್ಲ ಮುಳುಗಿದ್ದವು. ಸ್ವಲ್ಪ ದೂರದಲ್ಲಿ ಒಂದು ನೀಲಿ ದೋಣಿ ತೇಲುತ್ತಿತ್ತು. ಅದರಲ್ಲಿ ಬಿಳಿ ಆಡೊಂದು ನಿಂತಿತ್ತು. ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ್ದರು.

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ, ಅದೇ ಆಡು. "ಚಿಗವ್ವಾ, ನೋಡಿಲ್ಲಿ" ಎಂದು ತಿರುಗಿದರೆ, ಅವಳು ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದಳು.

"ಮುಂಜಾನೆ ಎದ್ದಾಗಿಂದ ಏನೂ ಕಾಣವಲ್ದು ತಮ್ಮಾ. ನೀ ಖುಷೀಲೆ ಹೊಂಟಿದ್ದಿ, ಹೆಂಗ ಹೇಳ್ಲಿ ಅಂತ ಸುಮ್ಮನಿದ್ದೆ. ಅದಿರ್ಲಿ, ಏನಿದು ಸಪ್ಪಳ?"

"ಸಮುದ್ರ, ಚಿಗವ್ವಾ."

"ಸಮುದ್ರಕ್ಕ ಸಪ್ಪಳಾ ಇರ್ತೈತೇನು? ನಿನ್ನಿ ಇರಲಿಲ್ಲ." ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ಹೆದರಿ ಹೆದರಿ ಕೇಳಿದಳು. "ಆಡು ಐತೇನು?"

"ಐತಿ."

"ಹಂಗಾರ ನಾ ಖರೇನ ನೋಡೀನಿ ಬಿಡು" ಎಂದು ನನ್ನ ತೋಳು ಹಿಡಿದುಕೊಂಡು ನಕ್ಕಳು. ನಾನು ರಸ್ತೆಯ ಬದಿಯಲ್ಲೇ ಕುಳಿತು ಹುಡುಗನ ಹಾಗೆ ಅತ್ತೆ.

ಹುಬ್ಬಳ್ಳಿಯ ಡಾಕ್ಟರು ಇದಕ್ಕೊಂದು ಕಾರಣ ಹೇಳಿದರು. ಕಣ್ಣು ಹೋಗುವ ಕಾಲಕ್ಕೆ ಇಲ್ಲದ ಚಿತ್ರಗಳನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತದಂತೆ. ಸರಿ ಸ್ವಾಮಿ, ಚಿಗವ್ವನ ಮಿದುಳು ಆಡು ಕಟ್ಟಿತು. ಅದನ್ನು ಮರುದಿನ ಅದೇ ದೋಣಿಗೆ ತಂದು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದವರು ಯಾರು? ಡಾಕ್ಟರು ಫೈಲು ಮುಚ್ಚಿದರು. ಮೀನುಗಾರರು ದಿನಾಲೂ ಆಡನ್ನು ಒಯ್ಯುತ್ತಿರಬೇಕು, ಮುದುಕಿ ಯಾರಿಂದಲೋ ಕೇಳಿರಬೇಕು ಎಂದು ಮಲ್ಲಪ್ಪ ತೀರ್ಮಾನ ಕೊಟ್ಟ. ಕೇಳುವುದಕ್ಕೆ ಅಲ್ಲಿ ಅವಳಿಗೆ ನನ್ನ ಹೊರತು ಯಾರಿದ್ದರು? ಅವಳ ಭಾಷೆ ಆಡುವವರು ಯಾರಿದ್ದರು?

ಇಂಥ ಉತ್ತರಗಳನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ನನಗೆ ಗೊತ್ತಿರುವುದು ಇಷ್ಟು. ಆ ಸಂಜೆ ಒಂದೇ ಮೆಟ್ಟಿಲಿನ ಮೇಲೆ, ಬಾಜುಬಾಜು ಕುಳಿತು, ಇಬ್ಬರೂ ಒಂದೇ ಕಡೆ ನೋಡಿದೆವು. ಅವಳು ಸಮುದ್ರ ನೋಡಿದಳು, ನಾನು ಕೆಸರು ನೋಡಿದೆ. ನನ್ನ ಕಣ್ಣು ಆಗಲೂ ಚೆನ್ನಾಗಿದ್ದವು, ಈಗಲೂ ಚೆನ್ನಾಗಿವೆ.