ರಿಜೆಕ್ಟ್ ಸಾಹೇಬರ ಲೇತ್

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಸಾಹೇಬರು ಲೇತಿನ ಮೇಲೆ ಹೆಂಡತಿ ಒಣಹಾಕಿದ್ದ ಟವೆಲ್ಲುಗಳನ್ನು ಒಂದು ಬದಿಗೆ ಸರಿಸಿ, ಆ ಜಾಗದಲ್ಲಿ ಚಹಾದ ಲೋಟ ಇಟ್ಟು, ಕಂಪ್ಯೂಟರ್ ಮುಂದೆ ಕೂತರು. ಇಂಟರ್ನೆಟ್ಟಿನಲ್ಲಿ ಯಾರೋ ದೂರದವರು ಕೇಳಿದ್ದರು: ನಾನೇ ಕಟ್ಟಿದ ಲೇತಿಗೆ ಯಾವ ಕಂಟ್ರೋಲ್ ಸಾಫ್ಟ್‌ವೇರ್ ಹಾಕಲಿ? ಸಾಹೇಬರು ಚಹಾ ಆರಿ ಕೆನೆಗಟ್ಟುವವರೆಗೆ ಉತ್ತರ ಬರೆದರು.

ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ, ಬೇರೆಯವರು ಮಾಡಿದ ವಸ್ತುಗಳಿಗೆ ಅಳತೆಯ ಗೇಜು ಹಿಡಿದು, ತಪ್ಪಿದ್ದನ್ನು ಬುಟ್ಟಿಗೆ ಎಸೆಯುವುದರಲ್ಲೇ ಅವರ ನೌಕರಿ ಮುಗಿದಿತ್ತು. ‘ರಿಜೆಕ್ಟ್ ಸಾಹೇಬ’ ಎಂಬ ಹೆಸರು ಅಲ್ಲಿಯ ಗಳಿಕೆ. ನಿವೃತ್ತರಾದ ಮೇಲೆ ಲೋಹ ಕಡೆಯುವ ಈ ಲೇತ್ ಕಟ್ಟಿದರು. ಲೋಹದ ತುಂಡನ್ನು ಹಿಡಿದು ಸುತ್ತಿಸುವ ಎರಡು ಸ್ಪಿಂಡಲ್, ಹನ್ನೆರಡು ಟೂಲು ಹಿಡಿದು ತಿರುಗುವ ಟರೆಟ್, ಮೋಟಾರು, ವೈರು ಎಲ್ಲವೂ ಸಿದ್ಧ. ಅದನ್ನು ಆಡಿಸುವ ಸಾಫ್ಟ್‌ವೇರ್ ಒಂದು ಆರಿಸಿದ್ದರೆ ಸಾಕಿತ್ತು.

ಆರಿಸಲಿಲ್ಲ. ದೊಡ್ಡ ಕಂಪನಿಯದು ಬೇಡ, ಬೀಗದ ಕೈ ಅವರ ಬಳಿಯೇ ಇರುತ್ತದೆ. ಅಗ್ಗದ್ದು ಬೇಡ, ಸ್ಪಿಂಡಲ್ ಸುತ್ತಿದ ಹಾಗೆ ಟೂಲು ಹೆಜ್ಜೆ ಹಾಕದಿದ್ದರೆ ಸ್ಕ್ರೂವಿನ ಸುರುಳಿಗೆರೆ, ಅಂದರೆ ಥ್ರೆಡ್, ಕೆಡುತ್ತದೆ. ಪುಕ್ಕಟೆ ಸಿಗುವುದಂತೂ ಹೇಳುವವರು ಕೇಳುವವರಿಲ್ಲದ ಕೂಸು. ಈ ಕೊಂಕುಗಳನ್ನೆಲ್ಲ ಬರೆದು ಬರೆದು ಲೋಕಕ್ಕೆ ಸಲಹೆಗಾರರಾದರು. ಲೇತ್ ಮಾತ್ರ ಒಂದು ಚೂರು ಕಬ್ಬಿಣವನ್ನೂ ಕಚ್ಚಲಿಲ್ಲ.

ಶೆಡ್ಡು ಹೆಂಡತಿಯ ತಮ್ಮನದು. ಅವನು ಗಡುವು ಕೊಟ್ಟಿದ್ದ.

“ಭಾವ, ತಿಂಗಳ ಕೊನೆಗೆ ನನ್ನ ಪ್ರೆಸ್ ಮಷೀನು ಬರುತ್ತೆ. ಅಷ್ಟರಲ್ಲಿ ಇದು ಒಂದೇ ಒಂದು ಸ್ಕ್ರೂ ಮಾಡಿ ತೋರಿಸಲಿ, ಜಾಗ ನಿಮ್ಮದೇ. ಇಲ್ಲಾಂದ್ರೆ ಗುಜರಿಯವನನ್ನ ಕರೀತೀನಿ.”

“ಆತುರದವರಿಗೆ ಮಷೀನಿನ ವಿಷಯ ಹೇಳಬಾರದು.”

“ಆತುರಾನಾ? ನಾನು ಮೊದಲ ಸಲ ಕೇಳಿದಾಗ ನನ್ನ ತಲೇಲಿ ಕೂದಲಿತ್ತು ಭಾವ.”

ಆ ತಿಂಗಳು ಮುಗಿಯುತ್ತ ಬಂದಿತ್ತು. ಚಹಾದ ಲೋಟ ಇನ್ನೂ ಲೇತಿನ ಮೇಲಿರುವಾಗಲೇ ದಪ್ಪನೆಯ ಮನುಷ್ಯರೊಬ್ಬರು ಒಳಗೆ ಬಂದರು. ಬೇರೆ ಊರಿನಲ್ಲಿ ನಲ್ಲಿಯ ಬಿಡಿಭಾಗ ಮಾಡುವವರು. ಸಾಹೇಬರ ಸಲಹೆ ಓದಿ ಲೇತ್ ಕಟ್ಟಿಕೊಂಡವರು.

“ಗುರುಗಳೇ, ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನೀವು ಹುಡುಕಿದ ತಪ್ಪುಗಳನ್ನೆಲ್ಲ ಒಂದೊಂದಾಗಿ ಸರಿ ಮಾಡಿಕೊಂಡೆ. ಈಗ ದಿನಾ ಓಡ್ತಾ ಇದೆ. ನಿಮ್ಮದು ಓಡೋದನ್ನ ನೋಡೋಣ ಅಂತ ಬಂದೆ.”

“ಇದು ಓಡಲ್ಲಪ್ಪ,” ಎಂದರು ಟವೆಲ್ಲು ಮಡಚುತ್ತಿದ್ದ ಹೆಂಡತಿ. “ಬಟ್ಟೆ ಮಾತ್ರ ಚೆನ್ನಾಗಿ ಒಣಗುತ್ತೆ.”

ಆ ಮನುಷ್ಯ ನಗಲಿಲ್ಲ. ಲೇತಿನ ಸುತ್ತ ಒಂದು ಸುತ್ತು ಬಂದು, ಗಡುವಿನ ಕತೆ ಕೇಳಿ, “ಎರಡು ದಿನ ಇಲ್ಲೇ ಇದ್ದು ನನ್ನ ಸಾಫ್ಟ್‌ವೇರನ್ನೇ ಹಾಕಿಕೊಡ್ತೀನಿ. ಸ್ಕ್ರೂ ಮಾಡಿಸಿಯೇ ಹೋಗೋದು,” ಎಂದರು. ನಂಬಿಕೆ ಬರಲೆಂದು, ತಮ್ಮ ಲೇತಿನಲ್ಲಿ ಮಾಡಿದ ಹಿತ್ತಾಳೆಯ ತುಂಡೊಂದನ್ನು ಮೇಜಿನ ಮೇಲಿಟ್ಟರು.

ಸಾಹೇಬರು ಭೂತಕನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಆ ಮುಖದಲ್ಲಿ ಅಂದು ಕಂಡ ಒಂದೇ ಒಂದು ಸಂತೋಷ ಆಗಲೇ ಮೂಡಿದ್ದು.

“ಥ್ರೆಡ್ ಶುರುವಾಗೋ ಕಡೆ ಗೆರೆ ಇದೆ.”

“ನಲ್ಲಿ ಸೋರಲ್ಲ ಸಾರ್.”

“ಸೋರದಿದ್ರೆ ಆಯ್ತಾ? ಇಂಥ ಗೆರೆ ಬಿಡೋ ಸಾಫ್ಟ್‌ವೇರ್ ನನ್ನ ಮಷೀನಿಗೆ ಹಾಕಲ್ಲ.”

“ನೆಲ ಡೊಂಕು ಅನ್ನೋಕಾದ್ರೂ ಒಂದ್ಸಲ ಎದ್ದು ಕುಣೀಬೇಕು ಕಣ್ರೀ,” ಎಂದರು ಹೆಂಡತಿ. ಸಾಹೇಬರು ತುಂಡನ್ನು ಎಡಗಡೆ ಇಟ್ಟರು. ಕಾರ್ಖಾನೆಯಲ್ಲಿ ಬುಟ್ಟಿ ಇರುತ್ತಿದ್ದುದು ಆ ಕಡೆಗೇ.

ಲೇತ್ ಗುಜರಿಗೆ ಹೋಗುವುದಾದರೆ ತಾವೇ ಕೊಳ್ಳಬಹುದೇ ಎಂದು ಬಂದವರು ಕೇಳಿದರು. ಸಾಹೇಬರು ಒಪ್ಪಿ, ಒಂದೇ ಷರತ್ತು ಹಾಕಿದರು: “ಆ ಸಾಫ್ಟ್‌ವೇರ್ ಹಾಕಿದ್ರೆ, ಇದನ್ನ ಕಟ್ಟಿದ್ದು ನಾನು ಅಂತ ಎಲ್ಲೂ ಹೇಳಬೇಡಿ.”

ಸೋಮವಾರ ಲೇತ್ ಒಯ್ಯಲು ಲಾರಿ ಬರುತ್ತದೆ. ಕಂಪ್ಯೂಟರ್ ಇರುವ ಮೇಜನ್ನು ಮನೆಯ ಜಗಲಿಗೆ ಸಾಗಿಸುತ್ತಾರೆ. ಬಟ್ಟೆ ಒಣಹಾಕಲು ಬಾಮೈದ ಹಗ್ಗ ಕಟ್ಟಿಕೊಡುತ್ತಾನೆ.