ತುಪ್ಪ ಹಚ್ಚಿದ ಕ್ಲಚ್ಚು

ಗ್ಯಾರೇಜಿನ ಮುಂದೆ ಹಾಯುವಾಗ ಗ್ರೀಸಿನ ವಾಸನೆ ಬಂದರೆ ನನಗೆ ಮನೆಯ ತುಪ್ಪ ನೆನಪಾಗುತ್ತದೆ. ನಗಬೇಡಿ, ಅದಕ್ಕೆ ಕಾರಣ ಸಿರಸಂಗಿಯ ನಮ್ಮ ಅಜ್ಜಿ. ಈಗ ಆ ಮನೆಯಿಲ್ಲ. ನಸುಕಿನಲ್ಲಿ ನೀರೊಲೆಯ ಹೊಗೆ, ಒಗ್ಗರಣೆಯ ಘಮ, ಅಂಗಳದಲ್ಲಿ ಕಾಕಾನ ಹಳೆಯ ಪಿಕಪ್ಪು ಕೆಮ್ಮಿ ಕೆಮ್ಮಿ ಚಾಲೂ ಆಗುವ ಸದ್ದು, ಇವೆಲ್ಲ ಒಟ್ಟಿಗೇ ಕಣ್ಣು ತೆರೆಸುತ್ತಿದ್ದ ಮನೆ ಅದು. ಅಜ್ಜ ಮನೆಮನೆಗೆ ಪೂಜೆಗೆ ಹೋಗುತ್ತಿದ್ದವರು. ಕಾಕಾ ಮಂತ್ರ ಬಿಟ್ಟು ಸ್ಟೇರಿಂಗು ಹಿಡಿದು, ಬೈಲಹೊಂಗಲದ ಪೇಟೆಗೆ ಉಳ್ಳಾಗಡ್ಡಿ ಹೇರುತ್ತಿದ್ದ.

ಅಜ್ಜಿಯ ಮಡಿ ಊರಿಗೇ ಗೊತ್ತಿತ್ತು. ಮೈಲಿಗೆಯಾಗುತ್ತದೆಂದು ಅವಳು ಬಸ್ಸು ಹತ್ತಿದವಳಲ್ಲ. ಹೀಗಾಗಿ ದೇಗಾಂವದಲ್ಲಿದ್ದ ತನ್ನ ಅಕ್ಕನನ್ನು ನೋಡದೆ ಎಷ್ಟೋ ವರ್ಷಗಳಾಗಿದ್ದವು. ಒಂದು ಚಳಿಗಾಲ ಅಕ್ಕ ಹೇಳಿಕಳಿಸಿದ ಮಾತು ಬಂತು: "ಕಣ್ಣು ಪೂರಾ ಹೋಗೂದರೊಳಗ ಒಮ್ಮೆ ಬಂದು ಮಾರಿ ತೋರಿಸಿ ಹೋಗು." ಅಂದು ಅಜ್ಜಿ ಊಟ ಮಾಡಲಿಲ್ಲ. ಸ್ವಂತ ಗಾಡಿ ಇದೆಯಲ್ಲ ಎಂದು ಕಾಕಾ ಸಮಾಧಾನ ಮಾಡಿದ. ಆದರೆ ಗ್ರೀಸಿನಲ್ಲಿ ದನದ ಚರಬಿ ಇರುತ್ತದೆಂದು ಯಾರೋ ಅವಳ ಕಿವಿ ಊದಿದ್ದರು. ಕ್ಲಚ್ ಪೆಡಲಿನ ಬುಡದಲ್ಲಿ, ಸರಳು ಕೂಡುವ ಕೀಲಿಗೆ ಕಪ್ಪಗೆ ಮೆತ್ತಿದ್ದು ಅವಳ ಕಣ್ಣಿಗೇ ಬಿದ್ದಿತ್ತು. ಅದಿರುವ ತನಕ ತಾನು ಹತ್ತುವುದಿಲ್ಲ ಎಂದಳು.

ಕಾಕಾ ಹಟಮಾರಿಯ ಮಗ. ಕೀಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಥಳಥಳ ಹೊಳೆಸಿದ. ಅಜ್ಜಿ ಒಳಗಿನಿಂದ ಬೆಳ್ಳಿಯ ಬಟ್ಟಲಲ್ಲಿ ಹೊಸ ತುಪ್ಪ ತಂದುಕೊಟ್ಟಳು. ದೇವರ ದೀಪಕ್ಕೆ ನಡೆಯುವುದು ಗಾಡಿಗೆ ನಡೆಯುವುದಿಲ್ಲವೇ ಎಂಬುದು ಅವಳ ವಾದ. ಗಾಡಿಯ ಹೊಟ್ಟೆಯೊಳಗೆ ಇನ್ನೇನೇನಿದೆ ಎಂದು ಅವಳು ಕೇಳಲಿಲ್ಲ, ಕಾಕಾ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಮುಂದಿನ ಸೀಟಿನಲ್ಲಿ ಕಚ್ಚೆ ಸರಿಮಾಡಿಕೊಂಡು ಕುಳಿತಳು. ಮೊಮ್ಮಗಳಾದ ನಾನು ಅವಳ ಮಗ್ಗುಲಿಗೆ. ಸವದತ್ತಿ ದಾಟುವಷ್ಟರಲ್ಲಿ ಗಾಡಿಯ ತುಂಬ ಬೆಣ್ಣೆ ಕಾಸಿದ ಪರಿಮಳ. ಎರಡೂ ಬದಿ ಬಿಳಿಜೋಳ ತೆನೆ ಬಿಚ್ಚಿ ನಿಂತಿತ್ತು. ಅಜ್ಜಿ ಸಣ್ಣ ಹುಡುಗಿಯಂತೆ ಪ್ರತಿ ಹಳ್ಳಿಯ ಹೆಸರು ಕೇಳುತ್ತಿದ್ದಳು. ಅಷ್ಟು ಸುಖವಾಗಿ ನಾನು ಮುಂದೆ ಯಾವ ಕಾರಿನಲ್ಲೂ ಕೂತಿಲ್ಲ.

ಬೈಲಹೊಂಗಲ ಬಿಟ್ಟು ಸ್ವಲ್ಪ ದೂರಕ್ಕೆ ಒತ್ತಿದ ಕ್ಲಚ್ಚು ಮೇಲೇಳಲಿಲ್ಲ. ಬಿಸಿಗೆ ತುಪ್ಪ ಕರಗಿ ಸೋರಿಹೋಗಿ, ಉಳಿದ ಜಿಡ್ಡಿಗೆ ಧೂಳು ಮೆತ್ತಿ ಕೀಲು ಕಚ್ಚಿಕೊಂಡಿತ್ತು. ಕಾಕಾ ಗಾಡಿಯ ಕೆಳಗೆ ಮಲಗಿದ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಂತು, ಮುತ್ತಲ ಎಲೆಯ ಮೇಲೆ ಒಂದು ಉಂಡೆ ಗ್ರೀಸು ಇಟ್ಟು ಹೋದ. ಕಾಕಾ ಅದನ್ನು ಮುಟ್ಟಲಿಲ್ಲ. ಗ್ರೀಸು ಹಚ್ಚಿದರೆ ಅಜ್ಜಿ ಇಳಿದುಬಿಡುತ್ತಾಳೆ, ಹಚ್ಚದಿದ್ದರೆ ದೇಗಾಂವ ದೂರವೇ ಉಳಿಯುತ್ತದೆ. ಅಜ್ಜಿ ರಸ್ತೆಯನ್ನೊಮ್ಮೆ ನೋಡಿದಳು, ಎಲೆಯನ್ನೊಮ್ಮೆ ನೋಡಿದಳು. ಆಮೇಲೆ ತಾನೇ ಬಗ್ಗಿ ಎಲೆ ಎತ್ತಿ ಕೆಳಗೆ ಚಾಚಿದಳು.

"ಹಚ್ಚಪಾ. ಮಡಿ ನಾಳೆನೂ ಮಾಡತೇನಿ. ಅಕ್ಕನ ಕಣ್ಣು ನಾಳೆ ಇರತಾವೋ ಇಲ್ಲೋ."

ಕೀಲು ಕೂಡಿಸಿದ ಮೇಲೆ ಪೆಡಲು ಒತ್ತಿ ನೋಡುವವರು ಬೇಕಿತ್ತು. ನನ್ನ ಕಾಲು ಎಟುಕಲಿಲ್ಲ. ಅಜ್ಜಿ ಕಾಕಾನ ಸೀಟಿಗೆ ಸರಿದು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಒತ್ತು ಎಂದರೆ ಒತ್ತಿದಳು, ಬಿಡು ಎಂದರೆ ಬಿಟ್ಟಳು. ಸಾಕು ಎಂದ ಮೇಲೂ ಇನ್ನೆರಡು ಸಲ ಒತ್ತಿದಳು. ಕೆಳಗಿನಿಂದ ಕಾಕಾ ನಗುವುದು ಕೇಳಿಸುತ್ತಿತ್ತು.

ದೇಗಾಂವದ ದೊಡ್ಡಜ್ಜಿ ಹೊಸ್ತಿಲಲ್ಲಿ ಕುಳಿತಿದ್ದಳು. ತಂಗಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಕಣ್ಣು ಕಿರಿದು ಮಾಡಿ ಹಣೆಯಿಂದ ಸೆರಗಿನ ತನಕ ನೋಡುತ್ತ ಹೋದಳು. ಕಡೆಗೆ ದೊಡ್ಡಜ್ಜಿ ಗದರಿದಳು: "ಗಂಗೀ, ಸೀರಿಗೆ ಏನಿದು ಕರೀದು ಬಳಕೊಂಡು ಬಂದೀ?"

ನಮ್ಮನ್ನೆಲ್ಲ ಗದರಿಸುತ್ತಿದ್ದ ಅಜ್ಜಿ ಕಾಕಾನ ಕಡೆಗೆ ತಿರುಗಿದಳು. ಕಣ್ಣ ತುಂಬ ನೀರು, ಬಾಯ ತುಂಬ ನಗು. "ಕಾಣಸ್ತದೋ," ಎಂದಳು. "ಅಕ್ಕಗ ಕಾಣಸ್ತದ."

ಅಕ್ಕತಂಗಿಯರಿಬ್ಬರೂ ಹೋದರು, ಕಾಕಾನೂ ಹೋದ. ಗಾಡಿ ಯಾರ ಪಾಲಾಯಿತೋ ಗೊತ್ತಿಲ್ಲ. ಆ ಸೀರೆಯನ್ನು ಅಜ್ಜಿ ಮತ್ತೆಂದೂ ಮಡಿಗೆ ಉಡಲಿಲ್ಲ, ಆದರೆ ಯಾರಿಗೂ ಕೊಡಲೂ ಇಲ್ಲ.